ಹಾರ್ಲೆಮ್‌ನ ಹುಡುಗ ಮತ್ತು ಅವನಪ್ಪನ ದೇವರು

ಎಷ್ಟು ಗುಡಿಸಿದರೂ ಧೂಳು ಮತ್ತೆ ಬಂದು ಕೂರುವ ಮನೆ. ಗುಡಿಸುತ್ತಿರುವವನು ಜಾನ್ ಗ್ರೈಮ್ಸ್. ಅವತ್ತು ಅವನಿಗೆ ಹದಿನಾಲ್ಕು ತುಂಬಿದ ದಿನ. 1935ರ ಮಾರ್ಚಿನ ಒಂದು ಶನಿವಾರ. ನ್ಯೂಯಾರ್ಕಿನ ಕಪ್ಪು ಜನರ ಕೇರಿ ಹಾರ್ಲೆಮ್‌ನ ಈ ಒಂದು ದಿನವೇ ಜೇಮ್ಸ್ ಬಾಲ್ಡ್ವಿನ್‌ರ ಮೊದಲ ಕಾದಂಬರಿ ‘ಗೋ ಟೆಲ್ ಇಟ್ ಆನ್ ದ ಮೌಂಟನ್’. ಪ್ರಕಟವಾದದ್ದು 1953ರಲ್ಲಿ.

ಕೇರಿ ತಾನಾಗೇ ಹುಟ್ಟೋದಿಲ್ಲ. 1865ರಲ್ಲಿ ಗುಲಾಮಗಿರಿ ಕಾಗದದ ಮೇಲೆ ಸತ್ತಿತು, ದಕ್ಷಿಣದ ಹತ್ತಿ ಹೊಲಗಳಲ್ಲಿ ಸಾಯಲಿಲ್ಲ. ಮರಕ್ಕೆ ನೇತುಹಾಕುವವರಿಗೆ ಹೆದರಿ, ಕೂಲಿ ಹುಡುಕಿ, ಲಕ್ಷಾಂತರ ಜನ ರೈಲು ಹತ್ತಿ ಉತ್ತರದ ನಗರಗಳಿಗೆ ಬಂದರು. ಸಿಕ್ಕಿದ್ದು ದುಬಾರಿ ಬಾಡಿಗೆಯ ಇಕ್ಕಟ್ಟು ಮನೆ, ಬಿಳಿಯರ ಮನೆ ಚಾಕರಿ. ಕಾದಂಬರಿಯ ಆ ಮಾರ್ಚ್ ತಿಂಗಳಲ್ಲೇ, 19ರಂದು, ಹಾರ್ಲೆಮ್‌ನಲ್ಲಿ ದೊಡ್ಡ ದಂಗೆಯಾಯಿತು. ಬಾಲ್ಡ್ವಿನ್ ಅದರ ಮಾತೇ ಎತ್ತೋದಿಲ್ಲ. ಮೊದಲ ಓದಿಗೆ ನಮಗಿದು ಪುಕ್ಕಲುತನ ಅನ್ನಿಸಿತ್ತು.

ಅವರು ಬರೆದದ್ದು ಅಂಗಡಿ ಮಳಿಗೆಯೊಂದನ್ನು ಚರ್ಚು ಮಾಡಿಕೊಂಡವರ ಒಂದು ರಾತ್ರಿಯನ್ನು. ಚಪ್ಪಾಳೆ, ಹಾಡು, ಮೈದುಂಬಿ ಕುಣಿತ. ಜಾನ್ ನೆಲಕ್ಕೆ ಬೀಳ್ತಾನೆ. ಬೆಳಗಾಗೋತನಕ ಕತ್ತಲಲ್ಲಿ ಅಲೀತಾನೆ, ತುಳಿಸಿಕೊಂಡವರ ಸದ್ದು ಕೇಳ್ತಾನೆ. ಪಕ್ಕದಲ್ಲಿ ಅತ್ತೆ, ಅಪ್ಪ, ಅವ್ವ ಮಂಡಿಯೂರಿದ್ದಾರೆ. ಅವರ ಪ್ರಾರ್ಥನೆಯೆಲ್ಲ ನೆನಪು. ಗುಲಾಮಳಾಗಿ ದುಡಿದ ಅಜ್ಜಿ. ಬಿಳಿಯರು ಹೊಲಕ್ಕೆಳೆದು ಕೆಡಿಸಿದ ಡೆಬೊರಾ. ಮಾಡದ ಕಳ್ಳತನಕ್ಕೆ ಪೊಲೀಸರಿಂದ ಹೊಡೆಸಿಕೊಂಡು, ಬಿಡುಗಡೆಯಾಗಿ ಬಂದ ರಾತ್ರಿಯೇ ಕೈ ಕೊಯ್ದುಕೊಂಡು ಸತ್ತ ರಿಚರ್ಡ್. ಜಾನ್ ಹುಟ್ಟಿದ್ದು ಆ ರಿಚರ್ಡನಿಗೆ. ಅದು ಜಾನ್‌ಗೆ ಗೊತ್ತಿಲ್ಲ. ನೆಲದ ಮೇಲೆ ಹೊರಳುವ ಹುಡುಗನ ಚರಿತ್ರೆ ದೊಡ್ಡವರ ಬಾಯಿಗೆ ಬರದೆ ಅವರ ಮಂಡಿಯಲ್ಲೇ ಉಳಿದಿದೆ.

1972ರಲ್ಲಿ ಮುಂಬೈಯ ದಲಿತ ಲೇಖಕರು ಬ್ಲ್ಯಾಕ್ ಪ್ಯಾಂಥರ್‌ಗಳ ಹೆಸರಿನಿಂದ ‘ದಲಿತ್ ಪ್ಯಾಂಥರ್ಸ್’ ಕಟ್ಟಿದರು. ಕಪ್ಪು ಜನರ ಸಿಟ್ಟು ನಮ್ಮ ಭಾಷಣಗಳಿಗೂ ಬಂತು. ಅವರ ಚರ್ಚು ಬರಲಿಲ್ಲ. ದೇವರು ಅಂದ ಕೂಡಲೇ ಪುಟ ಮಗುಚುವ ಚಾಳಿ ನಮ್ಮದು. ಹಾಗಂತ ಬಾಲ್ಡ್ವಿನ್ ಭಕ್ತಿಗೆ ಮಣೆ ಹಾಕಿದವರಲ್ಲ. ಮಲತಂದೆ ಗೇಬ್ರಿಯಲ್ ಬೋಧಕ. ಬಸುರಾದ ಎಸ್ತರಳನ್ನು ಹೆಂಡತಿ ಕೂಡಿಟ್ಟ ದುಡ್ಡು ಕೊಟ್ಟು ಸಾಗಹಾಕಿದವನು, ಮನೆಯಲ್ಲಿ ಬೆಲ್ಟು ಬಿಚ್ಚುವವನು. ಅವನಿಗೆ ದೇವರು ಚಾಟಿ. ಅದೇ ದೇವರನ್ನು ಹುಡುಗ ಗುರಾಣಿ ಮಾಡಿಕೊಂಡು ಅಪ್ಪನೆದುರು ಏಳ್ತಾನೆ. ಬಾಲ್ಡ್ವಿನ್‌ಗೆ ಈ ಜಗಳದ ಒಳಹೊರಗು ಗೊತ್ತಿತ್ತು. 1924ರಲ್ಲಿ ಹುಟ್ಟಿದ ಅವರು ಒಂಬತ್ತು ಮಕ್ಕಳಲ್ಲಿ ಹಿರಿಯ, ಬೋಧಕನ ಮಲಮಗ. ಹದಿನಾಲ್ಕಕ್ಕೆ ತಾವೇ ವೇದಿಕೆ ಹತ್ತಿ, ಮೂರು ವರ್ಷದಲ್ಲಿ ಇಳಿದುಬಂದರು. 1948ರಲ್ಲಿ ಪ್ಯಾರಿಸಿಗೆ ಹೋದರು. ಪುಸ್ತಕ ಮುಗಿದದ್ದು ಸ್ವಿಟ್ಜರ್ಲೆಂಡಿನ ಬೆಟ್ಟದ ಹಳ್ಳಿಯಲ್ಲಿ.

ಅದೇ ಶನಿವಾರ ಹಗಲು, ಅವ್ವ ಕೊಟ್ಟ ಚಿಲ್ಲರೆ ಹಿಡಿದು ಜಾನ್ 42ನೇ ಬೀದಿಯ ದೊಡ್ಡ ಲೈಬ್ರರಿ ಮುಂದೆ ನಿಲ್ತಾನೆ. ಕಾರ್ಡು ಇದೆ, ಒಳಗೆ ಹೋಗೋದಿಲ್ಲ. ಒಳಗೆ ದಾರಿ ತಪ್ಪಿದರೆ ಬಿಳಿಯರೆಲ್ಲ ನೋಡ್ತಾರೆ. ಜಿಲ್ಲಾ ಗ್ರಂಥಾಲಯದ ಮೆಟ್ಟಿಲಲ್ಲಿ ಮೊದಲ ಸಲ ಹಿಂದೆ ಮುಂದೆ ನೋಡುತ್ತಾ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೆಳಗಾಗುತ್ತದೆ. ‘ರಕ್ಷಣೆ ಪಡೆದ’ ಹುಡುಗ ಮನೆಗೆ ಬರ್ತಾನೆ. ಬೀದಿ ನಿನ್ನೆಯದೇ. ಬಾಗಿಲ ಬಳಿ ಅಪ್ಪ. ಹುಡುಗ ನಗ್ತಾನೆ. ಅಪ್ಪ ನಗೋದಿಲ್ಲ.