ವರವು ಕಾವಲು: ಒಂದು ಹುಲ್ಲುಬಯಲಿನ ವಿನ್ಯಾಸಚರಿತ್ರೆ

ಪ್ರಕೃತಿಯೊಡನೆ ಮನುಷ್ಯನ ಬಾಳನ್ನು ಹೊಂದಿಸಿದ ಪ್ರಾಚೀನ ರಚನೆಗಳನ್ನು ಅರಸುವ ವಿದ್ವಾಂಸರು ನಮ್ಮಲ್ಲಿ ಕೆರೆ, ಕೋಟೆ, ದೇವಾಲಯಗಳ ಕಡೆಗೆ ದೃಷ್ಟಿ ಹಾಯಿಸುವುದು ವಾಡಿಕೆಯಾಗಿರುವುದರಿಂದ, ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಬಯಲಿನಲ್ಲಿ ಗೋಡೆಯೂ ಗೋಪುರವೂ ಇಲ್ಲದೆ ಹರಡಿಕೊಂಡಿರುವ ಕಾವಲುಗಳು ಅವರ ಗಣನೆಗೆ ಬಂದುದು ವಿರಳ. ಕಂದಾಯದ ಕಡತಗಳಲ್ಲಿ ಬೀಳುನೆಲದಂತೆ ತೋರುವ ಈ ಹುಲ್ಲುಬಯಲು ವಾಸ್ತವದಲ್ಲಿ ಶತಮಾನಗಳ ಚಿಂತನೆಯಿಂದ ರೂಪುಗೊಂಡ ಒಂದು ವಿನ್ಯಾಸವೆಂದೇ ನನ್ನ ಅಭಿಪ್ರಾಯ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಬೆಣ್ಣೆ ಚಾವಡಿಯೆಂಬ ಹೆಸರಿನಿಂದ ಮೊದಲಾದ ಅರಮನೆಯ ದನಗಳ ಇಲಾಖೆಯು ಹೈದರನ ಕೈಯಲ್ಲಿ ಸೈನ್ಯದ ಅಂಗವಾಗಿ ಬೆಳೆದು, ಟಿಪ್ಪುವಿನಿಂದ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಚಿದಂಬರದ ರಕ್ಷಣೆಗಾಗಿ ಹೈದರನು ಎರಡೂವರೆ ದಿನಗಳಲ್ಲಿ ನೂರು ಮೈಲಿಗಳನ್ನು ಕ್ರಮಿಸಲು ಈ ಎತ್ತುಗಳೇ ಕಾರಣವಾದವೆಂದು ಮೈಸೂರಿನ ಗ್ಯಾಸೆಟಿಯರು ಹೇಳುತ್ತದೆ. ಆ ಕಾಲದ ಯುದ್ಧತಂತ್ರಕ್ಕೆ ತೋಪು ಎಷ್ಟು ಮುಖ್ಯವೋ ಅದನ್ನೆಳೆಯುವ ಎತ್ತೂ ಅಷ್ಟೇ ಮುಖ್ಯವಾಗಿದ್ದಿತು. ಎತ್ತಿನ ಬಲವಾದರೋ ಹುಲ್ಲಿನಿಂದ ಬಂದುದು. ಆದುದರಿಂದಲೇ ಕಾವಲುಗಳನ್ನು ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆಂದು ಬೇರೆಬೇರೆಯಾಗಿ ವಿಂಗಡಿಸಿ, ನೀರು ನೆರಳುಗಳಿದ್ದ ತಾಣಗಳನ್ನು ಬಿಸಿಲ ದಿನಗಳಿಗೆ ಮೀಸಲಿರಿಸಿ, ದನಗಳು ಒಂದು ಬಯಲಿನಿಂದ ಮತ್ತೊಂದಕ್ಕೆ ಸಾಗುವ ಅವಧಿಯಲ್ಲಿ ಹಿಂದಣ ಬಯಲಿನ ಹುಲ್ಲು ಮರಳಿ ಚಿಗುರಿ ಬೀಜಗಟ್ಟುವಂತೆ ಏರ್ಪಡಿಸಿದ್ದರು. ಮಿತವ್ಯಯದ ನೆಪದಲ್ಲಿ 1860ರಲ್ಲಿ ಆಂಗ್ಲ ಸರಕಾರವು ಈ ದನಗಳನ್ನು ಮಾರಿಬಿಟ್ಟು, ಆರೇ ವರ್ಷಗಳಲ್ಲಿ ತಪ್ಪನ್ನರಿತು ಇಲಾಖೆಯನ್ನು ಪುನಃ ಸ್ಥಾಪಿಸಬೇಕಾಯಿತು.

ರಾಜಾಜ್ಞೆಯು ಗೆರೆಯನ್ನೆಳೆದಿತೇ ಹೊರತು ಅದರೊಳಗೆ ಬಾಳನ್ನು ತುಂಬಿದವರು ಸ್ಥಳೀಯ ಜನ. ಮ್ಯಾಸನಾಯಕರು ನೊಗ ಹೂಡದೆ ಸಾಕುವ ದೇವರ ಎತ್ತುಗಳು, ಅವುಗಳನ್ನು ಕಾಯುವ ಕಿಲಾರಿಗಳು, ಮುಳ್ಳುಬೇಲಿಯ ರೊಪ್ಪ, ಕಾಡುಗೊಲ್ಲರ ಹಟ್ಟಿ ಇವೆಲ್ಲವೂ ಈ ಬಯಲನ್ನೇ ನಂಬಿದವು. ಕುರಿಯ ಉಣ್ಣೆಯನ್ನು ನೂತು, ಹುಣಸೆಬೀಜದ ಗಂಜಿಯಿಂದ ಹುರಿಗಟ್ಟಿಸಿ, ಕುಣಿಮಗ್ಗದಲ್ಲಿ ನೇಯ್ದ ಕಂಬಳಿಯನ್ನು ನೋಡಿರಿ: ಹುಲ್ಲು, ಪ್ರಾಣಿ, ಮರ, ಯಂತ್ರ, ಮನುಷ್ಯನ ಕೈ, ಇಷ್ಟನ್ನೂ ಒಂದು ವಸ್ತುವಿನಲ್ಲಿ ಕೂಡಿಸಿದ ಇಂಥ ಕೌಶಲವನ್ನು ಯಾವ ವಿನ್ಯಾಸಶಾಲೆಯೂ ಕಡೆಗಣಿಸಲಾರದು. ಹಂಚಿಕಡ್ಡಿಯಿಂದ ಪೊರಕೆ ಕಟ್ಟಿ ಮಾರುವ ಹೆಂಗಸರಿಗೂ ಕಾವಲೇ ಬಂಡವಾಳ.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಈ ಬಯಲಿಗೆ ಮತ್ತೊಂದು ಬಗೆಯ ವಿನ್ಯಾಸವು ಬಂದಿತು. ವರವು, ಖುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಮಂದಿರಕ್ಕೆ 1,500, ಇಸ್ರೋಗೆ 573 ಎಕರೆ ನೆಲವು ಹಂಚಿಕೆಯಾಯಿತು. ವರವು ಕಾವಲಿನ ವಾಯುಯಾನ ಪರೀಕ್ಷಾ ವಲಯವು 2017ರ ಮೇ ತಿಂಗಳಿನಲ್ಲಿ ಉದ್ಘಾಟನೆಗೊಂಡಿತು. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯುಳ್ಳ ಮರುಬಳಕೆಯ ವಾಹನವೊಂದು, ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಡಲ್ಪಟ್ಟು, ತಾನಾಗಿಯೇ ದಾರಿಯನ್ನರಸಿ ಇಲ್ಲಿನ ಓಡುದಾರಿಯ ಮೇಲಿಳಿಯಿತು. ಉಳ್ಳಾರ್ತಿಯಲ್ಲಿ ಚಂದ್ರನ ಕುಳಿಗಳ ಪ್ರತಿರೂಪಗಳನ್ನು ತೋಡಿ ಚಂದ್ರಯಾನದ ಉಪಕರಣಗಳನ್ನು ಪರೀಕ್ಷಿಸಿದುದೂ ಉಂಟು. ಮಳೆ ಕಡಮೆ, ಬಯಲು ವಿಶಾಲ, ಮರ ವಿರಳ, ಆಕಾಶ ನಿರ್ಮಲ: ದನಗಾಹಿಯನ್ನು ಇಲ್ಲಿಗೆ ಕರೆದ ಗುಣಗಳಲ್ಲಿ ಕೆಲವು ವಿಜ್ಞಾನಿಯನ್ನೂ ಕರೆದುವೆಂಬುದು ಸೋಜಿಗವಾದರೂ ಸತ್ಯ.

ಭೇದವಿರುವುದು ಎಲ್ಲೆಯನ್ನು ಕಲ್ಪಿಸಿದ ರೀತಿಯಲ್ಲಿ. ಹಳೆಯ ಕಾವಲಿನ ಎಲ್ಲೆಯು ಕಾಲವನ್ನನುಸರಿಸಿ ತೆರೆದು ಮುಚ್ಚುತ್ತಿದ್ದ ನಿಯಮ. ಹೊಸದರ ಎಲ್ಲೆಯೋ ಎತ್ತರದ ಗೋಡೆ. ಮೇವಿನ ದಾರಿ ಕಡಿದುಹೋದುದಕ್ಕಾಗಿ ಗ್ರಾಮಸ್ಥರು ಹೋರಾಡಿದರು. ಎರ್ಲಡ್ಡು ಹಕ್ಕಿಯಂತಹ ಅಪರೂಪದ ಜೀವಿಗಳ ನೆಲೆಯ ಪ್ರಶ್ನೆಯೂ ಎದ್ದಿತು. ವ್ಯಾಜ್ಯವು ಚೆನ್ನೈನ ಹಸಿರು ನ್ಯಾಯಪೀಠದವರೆಗೆ ಹೋಗಿ, 2014ರಲ್ಲಿ ತೀರ್ಪು ಹೊರಬಿದ್ದಿತು. ದೇಶಕ್ಕೆ ವಿಮಾನವೂ ಬೇಕು, ವಿಜ್ಞಾನವೂ ಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಒಂದು ವಿನ್ಯಾಸವನ್ನು ಸ್ಥಾಪಿಸುವುದಕ್ಕೆ ಮುನ್ನ ಅಲ್ಲಿ ಮೊದಲೇ ಇದ್ದ ವಿನ್ಯಾಸವನ್ನು ಓದಿಕೊಳ್ಳದಿರುವುದು ವಿಜ್ಞಾನಧರ್ಮಕ್ಕೆ ಒಪ್ಪುವ ಮಾತಲ್ಲ.

ಗೋಡೆಯೊಳಗಣ ಹುಲ್ಲು, ನೀರು, ಪ್ರಾಣಿಪಕ್ಷಿಗಳ ವೃತ್ತಾಂತವನ್ನು ಸಂಸ್ಥೆಗಳು ವರ್ಷಂಪ್ರತಿ ಪ್ರಕಟಿಸಲಿ. ಬಳಕೆಯಾಗದೆ ಉಳಿದ ನೆಲವನ್ನು ಋತುವನ್ನನುಸರಿಸಿ ಸುತ್ತಣ ಹಟ್ಟಿಗಳ ಜಾನುವಾರುಗಳಿಗೆ ತೆರೆಯಲಿ. ನಮ್ಮ ವಿಶ್ವವಿದ್ಯಾನಿಲಯಗಳಾದರೋ, ಮುದಿ ಕಿಲಾರಿಗಳ ನೆನಪಿನಲ್ಲಿರುವ ಹುಲ್ಲಿನ ಹೆಸರುಗಳನ್ನೂ ದನದ ದಾರಿಗಳನ್ನೂ ಈ ತಲೆಮಾರಿನಲ್ಲಿಯೇ ಬರೆದಿರಿಸಿಕೊಳ್ಳಬೇಕೆಂದು ವಿನಂತಿ.