ಕಾರಿನ ಹೊಳಪು ಉಳಿಸುವ ಬಗೆ: ಪಾಲಿಶ್‌ಗಿಂತ ತೊಳೆಯುವ ಕ್ರಮವೇ ಮುಖ್ಯ

ಹೊಸ ಕಾರಿನ ಹೊಳಪು ಎರಡು–ಮೂರು ವರ್ಷಗಳಲ್ಲಿ ಮಂಕಾದಾಗ ಮಾಲೀಕರು ಸಾಮಾನ್ಯವಾಗಿ ದೂರುವುದು ಬಿಸಿಲನ್ನು, ಇಲ್ಲವೇ ತಯಾರಕರು ಬಳಸಿದ ಬಣ್ಣದ ಗುಣಮಟ್ಟವನ್ನು. ಆದರೆ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ಬಾನೆಟ್ಟನ್ನು ಹತ್ತಿರದಿಂದ ನೋಡಿದರೆ ನಿಜವಾದ ಕಾರಣ ತಿಳಿಯುತ್ತದೆ. ಜೇಡರ ಬಲೆಯಂತೆ ಹರಡಿಕೊಂಡ ಅಸಂಖ್ಯ ಸೂಕ್ಷ್ಮ ಗೀರುಗಳು ಬೆಳಕನ್ನು ಚದುರಿಸುತ್ತಿರುತ್ತವೆ. ಇವುಗಳಲ್ಲಿ ಹೆಚ್ಚಿನವು ರಸ್ತೆಯಲ್ಲಿ ಆದವಲ್ಲ. ಮನೆಯ ಮುಂದೆ, ದಿನವೂ ಬೆಳಿಗ್ಗೆ, ದೂಳು ಒರೆಸುವಾಗ ಆದವು.

ಹೊಳಪು ಹೋಯಿತೆಂದು ಪಾಲಿಶ್ ಮಾಡಿಸುವುದು ಸುಲಭದ ದಾರಿಯಾಗಿ ಕಾಣುತ್ತದೆ. ಆದರೆ ಪ್ರತಿ ಪಾಲಿಶ್ ಕೂಡ ಬಣ್ಣದ ಮೇಲ್ಪದರವನ್ನು ಒಂದಿಷ್ಟು ಸವೆಸಿಯೇ ಹೊಳಪು ತರುತ್ತದೆ. ಸವೆದುಹೋದ ಪದರವನ್ನು ಮರಳಿ ತರಲು ಹೊಸದಾಗಿ ಬಣ್ಣ ಹೊಡೆಸದೆ ಬೇರೆ ಉಪಾಯವಿಲ್ಲ. ಆದ್ದರಿಂದ ಪಾಲಿಶ್‌ನ ಅಗತ್ಯವೇ ಅಪರೂಪವಾಗುವಂತೆ ಕಾರನ್ನು ತೊಳೆಯುವುದು ಜಾಣತನ.

ಕೂದಲೆಳೆಗಿಂತ ತೆಳುವಾದ ಕವಚ

ಇಂದಿನ ಕಾರುಗಳ ಉಕ್ಕಿನ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ. ಕಾರ್ಖಾನೆಯಲ್ಲಿ ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ, ತುಕ್ಕು ತಡೆಯುವ ಮೊದಲ ಪದರವನ್ನು ಲೇಪಿಸುತ್ತಾರೆ. ಅದರ ಮೇಲೆ ಪ್ರೈಮರ್, ಬಳಿಕ ಬಣ್ಣ ನೀಡುವ ಬೇಸ್ ಕೋಟ್, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಬರುತ್ತದೆ. ಇವೆಲ್ಲ ಸೇರಿದರೂ ಒಟ್ಟು ದಪ್ಪ ಸುಮಾರು 100ರಿಂದ 150 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಇದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 35ರಿಂದ 50 ಮೈಕ್ರಾನ್ ಮಾತ್ರ. ಮನುಷ್ಯನ ತಲೆಗೂದಲು ಸರಾಸರಿ 70 ಮೈಕ್ರಾನ್‌ನಷ್ಟು ದಪ್ಪವಿರುತ್ತದೆ ಎಂಬುದನ್ನು ಗಮನಿಸಿದರೆ ಈ ಕವಚ ಎಷ್ಟು ತೆಳುವೆಂಬುದು ಮನದಟ್ಟಾಗುತ್ತದೆ.

ಹೊಳಪು ಕೊಡುವುದು ಈ ಪದರವೇ. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಕೆಳಗಿನ ಬಣ್ಣವನ್ನು ಕಾಯುವುದೂ ಇದೇ. ಇದು ಅತಿಯಾಗಿ ಸವೆದರೆ ಬಿಸಿಲಿನ ಹೊಡೆತಕ್ಕೆ ಬಾನೆಟ್ ಮತ್ತು ಟಾಪ್‌ನ ಮೇಲೆ ಬಿಳಿಚಿದ ತೇಪೆಗಳು ಮೂಡಿ, ಸಿಪ್ಪೆಯಂತೆ ಏಳತೊಡಗುತ್ತವೆ. ಆ ಹಂತದಲ್ಲಿ ಯಾವ ಪಾಲಿಶ್ ಕೂಡ ಉಪಯೋಗಕ್ಕೆ ಬಾರದು.

ಅಂಬಾಸಿಡರ್ ಕಾಲದ ಕಾರುಗಳಲ್ಲಿ ಪ್ರತ್ಯೇಕ ಕ್ಲಿಯರ್ ಕೋಟ್ ಇಲ್ಲದ, ಬಣ್ಣವೇ ಮೇಲ್ಪದರವಾಗಿದ್ದ ಲೇಪನ ಸಾಮಾನ್ಯವಾಗಿತ್ತು. ಉಜ್ಜಿದಾಗ ಕಾರಿನ ಬಣ್ಣ ಬಟ್ಟೆಗೆ ಹತ್ತುತ್ತಿತ್ತು. ಗ್ಯಾರೇಜಿನಲ್ಲಿ ಆಗಾಗ 'ರಬ್ಬಿಂಗ್' ಮಾಡಿಸುವ ರೂಢಿ ಬೆಳೆದದ್ದು ಆಗ. ಅದೇ ರೂಢಿಯನ್ನು ಇಂದಿನ ಕಾರಿಗೂ ಮುಂದುವರಿಸಿದರೆ ಲಾಭಕ್ಕಿಂತ ಹಾನಿಯೇ ಹೆಚ್ಚು.

ಹೊಸದಾಗಿ ಬಣ್ಣ ಹೊಡೆಸಿದರಾಯಿತು ಎನ್ನುವಂತೆಯೂ ಇಲ್ಲ. ಕಾರ್ಖಾನೆಯಲ್ಲಿ ಬರಿಯ ಬಾಡಿಯನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿ ಬಣ್ಣವನ್ನು ಗಟ್ಟಿಗೊಳಿಸುತ್ತಾರೆ. ಪ್ಲಾಸ್ಟಿಕ್, ರಬ್ಬರ್, ವೈರಿಂಗ್ ಎಲ್ಲವೂ ಇರುವ ಕಾರಿಗೆ ವರ್ಕ್‌ಶಾಪಿನಲ್ಲಿ ಅಷ್ಟು ಶಾಖ ಕೊಡಲಾಗದು. ಅಲ್ಲಿ ಸುಮಾರು 60 ಡಿಗ್ರಿಯಲ್ಲೇ ಒಣಗಿಸಬೇಕಾಗುತ್ತದೆ. ಇನ್ನು ಹಳೆಯ ಕಾರು ಕೊಳ್ಳುವವರು ಬಣ್ಣದ ದಪ್ಪ ಅಳೆಯುವ ಪುಟ್ಟ ಉಪಕರಣ ಹಿಡಿದು ಪರೀಕ್ಷಿಸುವುದು ಈಗ ಹೊಸತೇನಲ್ಲ. ಮರುಬಣ್ಣ ಕಂಡರೆ ಅಪಘಾತದ ಶಂಕೆ ಮೂಡಿ ಬೆಲೆ ಇಳಿಯುತ್ತದೆ.

ದೂಳೇ ಮರಳು ಕಾಗದ

ರಸ್ತೆಯ ದೂಳಿನಲ್ಲಿ ಬೆಣಚುಕಲ್ಲಿನ ಸಣ್ಣ ಕಣಗಳು ಇದ್ದೇ ಇರುತ್ತವೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಬೆಣಚುಕಲ್ಲಿನ ಸ್ಥಾನ 7. ಗಾಜಿನ ಮೇಲೂ ಗೀರು ಮೂಡಿಸಬಲ್ಲ ಈ ಕಣಗಳನ್ನು ಒಣ ಬಟ್ಟೆಯಿಂದ ಉಜ್ಜಿದರೆ ಬಟ್ಟೆ ಮರಳು ಕಾಗದದಂತೆ ಕೆಲಸ ಮಾಡುತ್ತದೆ. ಒದ್ದೆ ಬಟ್ಟೆಯಿಂದಲೂ ಪೂರ್ಣ ರಕ್ಷಣೆ ಸಿಗದು. ಎರಡು ಸಲ ಒರೆಸುವಷ್ಟರಲ್ಲಿ ದೂಳು ಅದರಲ್ಲೇ ಕುಳಿತುಬಿಡುತ್ತದೆ.

ನಗರದ ಅಪಾರ್ಟ್‌ಮೆಂಟುಗಳಲ್ಲಿ ತಿಂಗಳ ಸಂಬಳಕ್ಕೆ ಕಾರು ಒರೆಸುವವರನ್ನು ಇಟ್ಟುಕೊಳ್ಳುವ ಪದ್ಧತಿ ವ್ಯಾಪಕವಾಗಿದೆ. ಮಾಲೀಕರು ಕಚೇರಿಗೆ ಹೊರಡುವ ಮುನ್ನ ಹತ್ತಾರು ಕಾರುಗಳನ್ನು ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಮುಗಿಸುವ ಅನಿವಾರ್ಯತೆ ಅವರದು. ಹಿಂದಿನ ಕಾರಿನ ಮಣ್ಣು ಮುಂದಿನ ಕಾರಿಗೆ ಉಜ್ಜಿಸಿಕೊಳ್ಳುತ್ತದೆ. ಇದು ಒರೆಸುವವರ ತಪ್ಪಲ್ಲ, ಕ್ರಮದ ದೋಷ. ಮಾಲೀಕರು ತಮ್ಮದೇ ಎರಡು ಬಟ್ಟೆ ಕೊಟ್ಟು, ದಿನವೂ ಗಾಜುಗಳನ್ನಷ್ಟೇ ಒರೆಸುವಂತೆ, ಬಾಡಿಯನ್ನು ವಾರಕ್ಕೊಮ್ಮೆ ನೀರು ಹಾಕಿ ತೊಳೆಯುವಂತೆ ತಿಳಿಸಿದರೆ ಇಬ್ಬರ ಶ್ರಮವೂ ಉಳಿಯುತ್ತದೆ.

ತೊಳೆಯುವ ಕ್ರಮ

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಎರಡು ಬಕೆಟ್, ಕಾರಿಗೆಂದೇ ತಯಾರಿಸಿದ ಶ್ಯಾಂಪೂ, ಕೈಗವಸಿನಂತಹ ಮೈಕ್ರೊಫೈಬರ್ ಮಿಟ್, ಒರೆಸಲು ದಪ್ಪನೆಯ ಮೈಕ್ರೊಫೈಬರ್ ಟವೆಲ್ ಇದ್ದರೆ ಸಾಕು. ಬಟ್ಟೆ ಒಗೆಯುವ ಪುಡಿ ಕ್ಷಾರಯುಕ್ತವಾದುದು. ಪಾತ್ರೆ ತೊಳೆಯುವ ದ್ರವ ಜಿಡ್ಡು ತೆಗೆಯಲೆಂದೇ ಇರುವಂಥದು. ಇವೆರಡೂ ಬಣ್ಣದ ಮೇಲಿನ ಮೇಣದ ರಕ್ಷಣೆಯನ್ನು ಕಿತ್ತುಹಾಕುತ್ತವೆ.

ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಬಾನೆಟ್ ಮೇಲೆ ಅಂಗೈಯ ಹಿಂಭಾಗ ಇಟ್ಟು ನೋಡಬೇಕು. ಬಿಸಿಯಿದ್ದರೆ ತಣ್ಣಗಾಗುವವರೆಗೆ ಕಾಯುವುದು ಒಳಿತು. ಬಿಸಿ ತಗಡಿನ ಮೇಲೆ ಶ್ಯಾಂಪೂ ಮತ್ತು ನೀರು ಬೇಗನೆ ಒಣಗಿ ಕಲೆಯಾಗುತ್ತವೆ.

ಮೊದಲು ಚಕ್ರಗಳನ್ನು ಬೇರೆ ಬಟ್ಟೆ, ಬೇರೆ ನೀರಿನಲ್ಲಿ ತೊಳೆದು ಮುಗಿಸಬೇಕು. ಬ್ರೇಕಿನ ಲೋಹದ ಪುಡಿ ಅಲ್ಲಿ ಕುಳಿತಿರುತ್ತದೆ; ಆ ಬಟ್ಟೆ ಬಾಡಿಗೆ ತಾಗಕೂಡದು. ಬಳಿಕ ಇಡೀ ಕಾರಿನ ಮೇಲೆ ನೀರು ಹಾಯಿಸಿ ಸಡಿಲ ದೂಳು ಇಳಿದುಹೋಗುವಂತೆ ಮಾಡಬೇಕು. ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಉಜ್ಜುವ ಮುನ್ನ ಹೋದಷ್ಟು ಮಣ್ಣು ಗೀರು ಮೂಡಿಸದೆ ಹೋದಂತೆ.

ಒಂದು ಬಕೆಟ್‌ನಲ್ಲಿ ಶ್ಯಾಂಪೂ ನೀರು, ಇನ್ನೊಂದರಲ್ಲಿ ಬರಿಯ ನೀರು ಇರಲಿ. ಮಿಟ್ಟನ್ನು ಶ್ಯಾಂಪೂವಿನಲ್ಲಿ ಅದ್ದಿ, ಟಾಪ್‌ನಿಂದ ಆರಂಭಿಸಿ ಕೆಳಗೆ ಬರಬೇಕು. ಹೆಚ್ಚು ಮಣ್ಣಿರುವ ಬಾಗಿಲಿನ ಕೆಳಭಾಗ ಮತ್ತು ಬಂಪರ್ ಕೊನೆಗೆ. ವೃತ್ತಾಕಾರದ ಬದಲು ನೇರ ಗೆರೆಯಲ್ಲಿ, ಒತ್ತಡ ಹಾಕದೆ ಕೈಯಾಡಿಸಬೇಕು. ಒಂದೊಂದು ಭಾಗ ಮುಗಿದಾಗಲೂ ಮಿಟ್ಟನ್ನು ಬರಿಯ ನೀರಿನಲ್ಲಿ ಚೆನ್ನಾಗಿ ಜಾಲಿಸಿ, ಬಳಿಕವಷ್ಟೇ ಶ್ಯಾಂಪೂವಿಗೆ ಅದ್ದಬೇಕು. ಕೆಲಸ ಮುಗಿದಾಗ ಬರಿಯ ನೀರಿನ ಬಕೆಟ್‌ನ ತಳದಲ್ಲಿ ಉಳಿದ ಮರಳನ್ನು ನೋಡಿದರೆ ಎರಡನೇ ಬಕೆಟ್‌ನ ಬೆಲೆ ತಿಳಿಯುತ್ತದೆ.

ತೊಳೆದ ಕಾರನ್ನು ತಾನಾಗಿ ಆರಲು ಬಿಡಬಾರದು. ಕೊಳವೆ ಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಬಿಳಿ ಚುಕ್ಕೆಗಳಾಗಿ ಉಳಿಯುತ್ತವೆ. ಟವೆಲ್ಲನ್ನು ಹರಡಿ, ನೀರು ಹೀರಿಕೊಳ್ಳಲು ಬಿಟ್ಟು ಮೆಲ್ಲನೆ ಎಳೆಯಬೇಕು. ಚುಕ್ಕೆಗಳು ಆಗಲೇ ಮೂಡಿದ್ದರೆ ಬಿಳಿ ವಿನೆಗರ್‌ಗೆ ಸಮ ಪ್ರಮಾಣದ ನೀರು ಬೆರೆಸಿ ಹಚ್ಚಿ, ಒಂದೆರಡು ನಿಮಿಷದೊಳಗೆ ಧಾರಾಳ ನೀರಿನಲ್ಲಿ ತೊಳೆದುಬಿಡಬೇಕು. ಕೊನೆಯಲ್ಲಿ ಕಾರನ್ನು ಸ್ವಲ್ಪ ದೂರ ನಿಧಾನವಾಗಿ ಓಡಿಸಿ, ಒಂದೆರಡು ಬಾರಿ ಬ್ರೇಕ್ ಒತ್ತಿ ಒಣಗಿಸಿಕೊಳ್ಳುವುದನ್ನು ಮರೆಯಬಾರದು.

ನೀರಿನ ಪ್ರಶ್ನೆ

ನಲ್ಲಿಗೆ ಪೈಪ್ ಸಿಕ್ಕಿಸಿ ಹತ್ತು ನಿಮಿಷ ಬಿಟ್ಟರೆ ನೂರು ಲೀಟರಿಗೂ ಹೆಚ್ಚು ನೀರು ಹರಿದುಹೋಗಬಹುದು. ತೀವ್ರ ನೀರಿನ ಅಭಾವ ಕಾಡಿದ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯಲು ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಉಲ್ಲಂಘಿಸಿದವರಿಗೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. 2025ರ ಫೆಬ್ರುವರಿಯಲ್ಲಿಯೂ ಇಂತಹುದೇ ಆದೇಶ ಹೊರಬಿತ್ತು. ಬೇಸಿಗೆಯಲ್ಲಿ ಕಾರು ತೊಳೆಯುವ ಮುನ್ನ ಆಯಾ ನಗರದ ನಿಯಮ ತಿಳಿದುಕೊಳ್ಳುವುದು ಉಚಿತ.

ಮಳೆನೀರು ಸಂಗ್ರಹದ ತೊಟ್ಟಿಯಿರುವ ಮನೆಗಳಿಗೆ ಎರಡು ಲಾಭವಿದೆ. ಕುಡಿಯುವ ನೀರು ಉಳಿಯುತ್ತದೆ, ಜೊತೆಗೆ ಮಳೆನೀರಿನಲ್ಲಿ ಲವಣಾಂಶ ತೀರಾ ಕಡಿಮೆಯಾದ್ದರಿಂದ ಚುಕ್ಕೆಯೂ ಬೀಳದು. ಬರಿಯ ದೂಳಷ್ಟೇ ಕುಳಿತಿರುವ ಕಾರಿಗೆ 'ರಿನ್ಸ್‌ಲೆಸ್ ವಾಶ್' ಎಂಬ ದ್ರಾವಣವನ್ನು ಒಂದು ಬಕೆಟ್ ನೀರಿಗೆ ಬೆರೆಸಿ, ಹಲವು ಬಟ್ಟೆಗಳನ್ನು ಅದರಲ್ಲಿ ನೆನೆಸಿ, ಒಂದೊಂದು ಭಾಗಕ್ಕೂ ಹೊಸ ಮಗ್ಗುಲು ಬಳಸಿ ಒರೆಸಬಹುದು. ಕೆಸರು ಮೆತ್ತಿಕೊಂಡ ಕಾರಿಗೆ ಈ ವಿಧಾನ ಸಲ್ಲದು.

ತಡಮಾಡಬಾರದ ಕಲೆಗಳು

ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿರುತ್ತದೆ. ಬಿಸಿಲಿನಲ್ಲಿ ಮೆದುವಾದ ಕ್ಲಿಯರ್ ಕೋಟ್ ಮೇಲೆ ಅದು ಒಣಗಿದರೆ ಅಳಿಸಲಾಗದ ಅಚ್ಚು ಉಳಿಯುತ್ತದೆ. ಉಗುರಿನಿಂದ ಕೆರೆಯದೆ, ಒದ್ದೆ ಬಟ್ಟೆಯನ್ನು ಕೆಲ ನಿಮಿಷ ಮೇಲಿಟ್ಟು ಮೆದುಗೊಳಿಸಿ ಎತ್ತಿಬಿಡಬೇಕು. ಮರದ ಅಂಟು, ಸತ್ತ ಕೀಟಗಳಿಗೂ ಇದೇ ಕ್ರಮ. ಡಾಂಬರಿನ ಹನಿಗಳಿಗೆ ಅದಕ್ಕೆಂದೇ ಇರುವ ದ್ರಾವಣ ಬಳಸಬೇಕು.

ಕಟ್ಟಡ ಕಾಮಗಾರಿಯ ಬಳಿ ನಿಲ್ಲಿಸಿದ ಕಾರಿನ ಮೇಲೆ ಸಿಮೆಂಟ್ ದೂಳು ಬಿದ್ದಿದ್ದರೆ ಇಬ್ಬನಿ ಬೀಳುವ ಮುನ್ನವೇ ಧಾರಾಳ ನೀರಿನಿಂದ ಇಳಿಸಬೇಕು. ಸಿಮೆಂಟ್ ಕ್ಷಾರೀಯ; ತೇವ ತಾಗಿದರೆ ಗಟ್ಟಿಯಾಗುತ್ತದೆ. ಬಳ್ಳಾರಿ ಭಾಗದ ಅದಿರಿನ ಕೆಂದೂಳು, ಕರಾವಳಿಯ ಉಪ್ಪಿನ ಗಾಳಿ, ಮಲೆನಾಡಿನ ಮಳೆಗಾಲದ ಕೆಸರು ಇವು ಆಯಾ ಪ್ರದೇಶದ ಸಮಸ್ಯೆಗಳು. ಮಂಗಳೂರು, ಕಾರವಾರಗಳಂತಹ ಊರುಗಳಲ್ಲಿ ಕಾರಿನ ಅಡಿಭಾಗ ಹಾಗೂ ಚಕ್ರದ ಮೇಲಿನ ಕಮಾನಿನ ಒಳಭಾಗಕ್ಕೂ ನೀರು ಹಾಯಿಸುವುದು ಅಗತ್ಯ.

ಆಯುಧ ಪೂಜೆಯ ಮರುದಿನವೂ ಬಣ್ಣಕ್ಕೆ ಪರೀಕ್ಷೆಯ ದಿನವೇ. ಸಾಂಪ್ರದಾಯಿಕವಾಗಿ ಕುಂಕುಮ ತಯಾರಾಗುವುದು ಅರಿಸಿನ ಮತ್ತು ಸುಣ್ಣದಿಂದ. ಬಾಳೆಕಂದಿನ ರಸ ಒಣಗಿದರೆ ಕಂದು ಕಲೆಯಾಗುತ್ತದೆ. ಹೂಮಾಲೆಯ ತಂತಿ ಗಾಳಿಗೆ ಅಲುಗಿ ಗೀರು ಮೂಡಿಸುತ್ತದೆ. ಕುಂಕುಮ, ಗಂಧವನ್ನು ಗಾಜಿನ ಮೇಲಿಟ್ಟು, ಮಾಲೆಗೆ ತಂತಿಯ ಬದಲು ನೂಲು ಬಳಸಿ, ಅದೇ ಸಂಜೆ ಅಥವಾ ಮರುದಿನ ಬೆಳಿಗ್ಗೆ ತೊಳೆದರೆ ಶಾಸ್ತ್ರವೂ ಉಳಿಯುತ್ತದೆ, ಬಣ್ಣವೂ ಉಳಿಯುತ್ತದೆ.

ಪಾಲಿಶ್: ಯಾವಾಗ, ಹೇಗೆ?

ಪಾಲಿಶ್ ಮತ್ತು ವ್ಯಾಕ್ಸ್ ಎರಡೂ ಒಂದೇ ಎಂಬ ತಪ್ಪು ಕಲ್ಪನೆ ಹಲವರಲ್ಲಿದೆ. ಪಾಲಿಶ್‌ನಲ್ಲಿ ಸೂಕ್ಷ್ಮವಾದ ಉಜ್ಜುವ ಕಣಗಳಿರುತ್ತವೆ, ಅದು ಸವೆಸುತ್ತದೆ. ರಬ್ಬಿಂಗ್ ಕಾಂಪೌಂಡ್‌ನಲ್ಲಿ ಈ ಕಣಗಳು ಇನ್ನೂ ಒರಟು. ವ್ಯಾಕ್ಸ್ ಅಂದರೆ ಮೇಣ ಏನನ್ನೂ ಸವೆಸದು, ಮೇಲೆ ರಕ್ಷಣೆಯ ಪೊರೆಯಾಗಿ ಕೂರುತ್ತದೆ. ಸ್ವಚ್ಛಗೊಳಿಸುವ, ಪಾಲಿಶ್ ಮಾಡುವ, ಮೇಣ ಹಚ್ಚುವ ಮೂರೂ ಕೆಲಸ ಮಾಡುವುದಾಗಿ ಹೇಳಿಕೊಳ್ಳುವ ಡಬ್ಬಿಗಳೂ ಇವೆ. ಅವುಗಳನ್ನು ತಿಂಗಳಿಗೊಮ್ಮೆ ಬಳಸುವ ಮುನ್ನ ಒಳಗೆ ಉಜ್ಜುವ ಕಣಗಳಿವೆಯೇ ಎಂದು ಲೇಬಲ್ ಓದುವುದು ಲೇಸು.

ಗೀರಿನ ಆಳ ತಿಳಿಯಲು ಸರಳ ಪರೀಕ್ಷೆಯೊಂದಿದೆ. ಗೀರಿಗೆ ಅಡ್ಡಲಾಗಿ ಉಗುರನ್ನು ಮೆಲ್ಲನೆ ಎಳೆದಾಗ ಅದು ಸಿಕ್ಕಿಕೊಂಡರೆ ಗೀರು ಆಳವಾಗಿದೆ ಎಂದರ್ಥ. ಅದನ್ನು ಪಾಲಿಶ್‌ನಿಂದ ತೆಗೆಯಲು ಹೊರಟರೆ ಸುತ್ತಲಿನ ಕ್ಲಿಯರ್ ಕೋಟ್ ಕೂಡ ಹೋಗುತ್ತದೆ. ಕಲ್ಲು ಸಿಡಿದು ಲೋಹ ಕಾಣುತ್ತಿದ್ದರೆ ಬಣ್ಣದ ಕೋಡ್ ನೋಡಿ ಟಚ್‌ಅಪ್ ಬಣ್ಣ ತಂದು ಮಳೆಗಾಲಕ್ಕೆ ಮುನ್ನವೇ ಮುಚ್ಚಬೇಕು, ಇಲ್ಲವಾದರೆ ತುಕ್ಕು ಹಿಡಿಯುತ್ತದೆ. ಕೋಡ್ ಸಾಮಾನ್ಯವಾಗಿ ಬಾಗಿಲಿನ ಕಂಬದ ಅಥವಾ ಬಾನೆಟ್ ಒಳಗಿನ ಫಲಕದ ಮೇಲಿರುತ್ತದೆ.

ಪಾಲಿಶ್ ಮಾಡಲೇಬೇಕೆಂದಿದ್ದರೆ ತೊಳೆದು ಒಣಗಿಸಿದ ಕಾರಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಕೈಗೆ ಹಾಕಿಕೊಂಡು ಸವರಿ ನೋಡಬೇಕು. ತರಿತರಿಯೆನಿಸಿದರೆ ಕ್ಲೇ ಬಾರ್ ಎಂಬ ಜೇಡಿಯಂತಹ ಉಂಡೆಯನ್ನು ಅದರ ಜಾರುದ್ರವದೊಂದಿಗೆ ಹಗುರವಾಗಿ ಆಡಿಸಿ, ಅಂಟಿಕೊಂಡ ಕಣಗಳನ್ನು ತೆಗೆಯಬೇಕು. ಉಂಡೆ ನೆಲಕ್ಕೆ ಬಿದ್ದರೆ ಮತ್ತೆ ಬಳಸುವಂತಿಲ್ಲ.

ರಬ್ಬರ್ ಮತ್ತು ಕಪ್ಪು ಪ್ಲಾಸ್ಟಿಕ್ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಎಲ್ಲಕ್ಕಿಂತ ನಯವಾದ ಪಾಲಿಶ್‌ನಿಂದ ಕಣ್ಣಿಗೆ ಬೀಳದ ಮೂಲೆಯಲ್ಲಿ ಮೊದಲು ಪ್ರಯೋಗಿಸಬೇಕು. ಫಲಿತಾಂಶ ಸಮಾಧಾನಕರವಾಗಿದ್ದರೆ ಒಂದೂವರೆ–ಎರಡು ಅಡಿ ಚೌಕದಷ್ಟು ಜಾಗಕ್ಕೆ ಬಟಾಣಿ ಕಾಳಿನ ಗಾತ್ರದ ನಾಲ್ಕಾರು ಹನಿ ಸಾಕು. ಸ್ಪಂಜಿನ ಪ್ಯಾಡ್‌ನಿಂದ ಸಮಪ್ರಮಾಣದ ಒತ್ತಡದಲ್ಲಿ ಉಜ್ಜಿ, ಸ್ವಚ್ಛ ಬಟ್ಟೆಯಿಂದ ಒರೆಸಬೇಕು. ಯಂತ್ರ ಬಳಸುವವರಿಗೆ ಎರಡು ಬಗೆಯ ಚಲನೆಯುಳ್ಳ ಡ್ಯುಯಲ್ ಆಕ್ಷನ್ ಪಾಲಿಶರ್ ಸುರಕ್ಷಿತ. ಒಂದೇ ಅಕ್ಷದಲ್ಲಿ ತಿರುಗುವ ರೋಟರಿ ಯಂತ್ರ ಒಂದೇ ಕಡೆ ಶಾಖ ಹುಟ್ಟಿಸುವುದರಿಂದ ಅನನುಭವಿಗಳ ಕೈಯಲ್ಲಿ ಅಪಾಯಕಾರಿ. ಬಾಡಿಯ ಅಂಚು, ಏಣುಗಳಲ್ಲಿ ಬಣ್ಣ ತೆಳುವಾಗಿರುವುದರಿಂದ ಅಲ್ಲಿ ಹೆಚ್ಚು ಉಜ್ಜಬಾರದು. ಮ್ಯಾಟ್ ಬಣ್ಣದ ಕಾರಿಗಂತೂ ಪಾಲಿಶ್ ಮಾಡಲೇಬಾರದು. ಮಾಡಿದಲ್ಲಿ ಹೊಳಪಿನ ತೇಪೆ ಉಳಿಯುತ್ತದೆ.

ಕೊನೆಯ ಪೊರೆ

ಪಾಲಿಶ್ ಮಾಡಿದ ಮೇಲ್ಮೈಗೆ ರಕ್ಷಣೆ ಬೇಕು. ಬ್ರೆಜಿಲ್‌ನ ತಾಳೆ ಜಾತಿಯ ಮರವೊಂದರ ಎಲೆಗಳಿಂದ ದೊರೆಯುವ ಕಾರ್ನೌಬಾ ಮೇಣ ಬಹುಕಾಲದಿಂದ ಬಳಕೆಯಲ್ಲಿದೆ. ಅದರ ಬಾಳಿಕೆ ಕೆಲವು ವಾರಗಳಿಂದ ಒಂದೆರಡು ತಿಂಗಳು. ಕೃತಕ ಪಾಲಿಮರ್ ಸೀಲಂಟ್‌ಗಳು ಇದಕ್ಕಿಂತ ಹೆಚ್ಚು ಬಾಳುತ್ತವೆ. ಸಿರಾಮಿಕ್ ಲೇಪನ ವರ್ಷಗಟ್ಟಲೆ ಇರಬಲ್ಲದಾದರೂ ದುಬಾರಿ. ಅದು ಗೀರನ್ನು ಪೂರ್ತಿ ತಡೆಯುತ್ತದೆ ಎಂಬ ನಂಬಿಕೆ ಸರಿಯಲ್ಲ. ಯಾವುದನ್ನೇ ಆದರೂ ತೆಳುವಾಗಿ ಹಚ್ಚಬೇಕು. ದಪ್ಪ ಮೆತ್ತಿದರೆ ಒರೆಸುವ ಶ್ರಮ ಹೆಚ್ಚುವುದೇ ಹೊರತು ರಕ್ಷಣೆಯಲ್ಲ. ನೀರು ಹನಿಹನಿಯಾಗಿ ಜಾರದೆ ಹರಡಿ ನಿಲ್ಲತೊಡಗಿದರೆ ಮೇಣದ ಆಯಸ್ಸು ಮುಗಿದಿರುವ ಸೂಚನೆ. ಹೊಸದಾಗಿ ಬಣ್ಣ ಹೊಡೆಸಿದ ಭಾಗಕ್ಕೆ ಕನಿಷ್ಠ ಒಂದು ತಿಂಗಳು ಮೇಣ ಹಚ್ಚದಿರುವುದು ಕ್ಷೇಮ.

ನೆನಪಿನಲ್ಲಿಡಬೇಕಾದ ಅಂಶಗಳು

* ಸೀಮೆಎಣ್ಣೆ, ಡೀಸೆಲ್‌ನಿಂದ ಒರೆಸಿದರೆ ಕ್ಷಣಕಾಲ ಹೊಳೆಯುವುದು ಜಿಡ್ಡಿನಿಂದ. ಅದು ಮತ್ತಷ್ಟು ದೂಳನ್ನು ಹಿಡಿಯುತ್ತದೆ.
* ಟೂತ್‌ಪೇಸ್ಟ್‌ನಲ್ಲಿಯೂ ಉಜ್ಜುವ ಕಣಗಳಿವೆ. ಕಾರಿಗೆಂದು ಅಳೆದು ಮಾಡಿದ್ದಲ್ಲ, ಬಳಸಬೇಡಿ.
* ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಕಾರಿಗೆ ತಾಗಿಸಬೇಡಿ.
* ಮೈಕ್ರೊಫೈಬರ್ ಬಟ್ಟೆಗಳನ್ನು ಹತ್ತಿ ಬಟ್ಟೆಗಳಿಂದ ಬೇರೆಯಾಗಿ ಒಗೆಯಿರಿ. ಕಂಫರ್ಟ್‌ನಂತಹ ಮೆದುಕಾರಕ ಬೇಡ.
* ದೂಳು ಕುಳಿತ ಕಾರಿನ ಮೇಲೆ ಕವರ್ ಎಳೆಯಬೇಡಿ. ಕವರ್ ಕೂಡ ಒಣ ಬಟ್ಟೆಯೇ.
* ಒರೆಸಲು ಸಮಯವಿಲ್ಲದ ದಿನ ದೂಳನ್ನು ಹಾಗೆಯೇ ಬಿಡಿ. ಸುಮ್ಮನೆ ಕುಳಿತ ಒಣ ದೂಳು ಗೀರು ಮೂಡಿಸದು, ಉಜ್ಜಿದ ದೂಳು ಮೂಡಿಸುತ್ತದೆ.