ಬಾಯ್ಕಾಟ್: ಯಾರು, ಯಾರನ್ನು?

ಡೆಸ್ಕಿಗೆ ಸೇರಿದ ಹೊಸದರಲ್ಲಿ, ಚುನಾವಣೆಯ ಸಮಯ, ಒಂದೇ ರಾತ್ರಿ ಎರಡು ಸುದ್ದಿ ನಮ್ಮ ಕೈಗೆ ಬಂದವು. ರಸ್ತೆಯಿಲ್ಲದ ಒಂದು ಹಳ್ಳಿಯವರು ಈ ಸಲ ವೋಟು ಹಾಕುವುದಿಲ್ಲ ಎಂದಿದ್ದರು. ಇನ್ನೊಂದು ಹಳ್ಳಿಯಲ್ಲಿ ಒಂದು ದಲಿತ ಕುಟುಂಬಕ್ಕೆ ಅಂಗಡಿಯಲ್ಲಿ ಸಾಮಾನು ಕೊಡುವುದನ್ನು ನಿಲ್ಲಿಸಿದ್ದರು. ಮೊದಲನೆಯದಕ್ಕೆ ‘ಗ್ರಾಮಸ್ಥರಿಂದ ಬಹಿಷ್ಕಾರ’ ಎಂದು ತಲೆಬರಹ ಕೊಟ್ಟೆವು. ಎರಡನೆಯದಕ್ಕೂ ಅದನ್ನೇ ಕೊಟ್ಟೆವು. ಎರಡೂ ಒಂದೇ ಪುಟದಲ್ಲಿ ಅಚ್ಚಾದವು. ಬೆಳಿಗ್ಗೆ ನೋಡಿದಾಗ ನಮಗೇ ಗಲಿಬಿಲಿ.

ಇಂಗ್ಲಿಷಿನ ‘ಬಾಯ್ಕಾಟ್’ ಎಂಬ ಕ್ರಿಯಾಪದಕ್ಕೆ ನಿಘಂಟಿನಲ್ಲಿ ‘ಬಹಿಷ್ಕರಿಸು’ ಎಂಬ ಅರ್ಥವಿದೆ, ಸರಿ. ಆದರೆ ಎರಡು ಪದಗಳ ಹುಟ್ಟೂರು ಬೇರೆ, ನಡೆದು ಬಂದ ದಾರಿಯೂ ಬೇರೆ.

ಬಾಯ್ಕಾಟ್ ಒಬ್ಬ ಮನುಷ್ಯನ ಹೆಸರು. ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್ ಐರ್ಲೆಂಡಿನ ಮೇಯೊ ಜಿಲ್ಲೆಯಲ್ಲಿ, ಬ್ಯಾಲಿನ್‌ರೋಬ್ ಎಂಬ ಊರಿನ ಹತ್ತಿರ, ಲಾರ್ಡ್ ಅರ್ನ್ ಎಂಬ ಜಮೀನುದಾರನ ಏಜೆಂಟ್. ನಮ್ಮ ಕಡೆ ಹೇಳುವುದಾದರೆ ಜಮೀನ್ದಾರರ ಪಾರುಪತ್ಯಗಾರ. ಸೈನ್ಯದಲ್ಲಿ ಸ್ವಲ್ಪ ಕಾಲ ಇದ್ದುದರಿಂದ ಜನ ಕ್ಯಾಪ್ಟನ್ ಎನ್ನುತ್ತಿದ್ದರು. 1880ರಲ್ಲಿ ಬೆಳೆ ಸರಿಯಾಗಿರಲಿಲ್ಲ. ಗೇಣಿದಾರರು ಗೇಣಿಯಲ್ಲಿ ಶೇ. 25ರಷ್ಟು ಕಡಿತ ಕೇಳಿದರು. ಲಾರ್ಡ್ ಒಪ್ಪಿದ್ದು ಶೇ. 10ಕ್ಕೆ. ಸೆಪ್ಟೆಂಬರಿನಲ್ಲಿ ಬಾಯ್ಕಾಟ್ ಒಕ್ಕಲೆಬ್ಬಿಸುವ ನೋಟಿಸು ಕಳಿಸಿದ.

ಅದೇ ಸೆಪ್ಟೆಂಬರ್ 19ರಂದು ಎನ್ನಿಸ್ ಊರಿನ ಸಭೆಯಲ್ಲಿ ಲ್ಯಾಂಡ್ ಲೀಗ್‌ನ ನಾಯಕ ಪಾರ್ನೆಲ್, ಒಕ್ಕಲೆಬ್ಬಿಸಿದ ಜಮೀನನ್ನು ಹಿಡಿಯುವವನನ್ನು ಹೊಡೆಯಬೇಡಿ, ಮಾತು ಬಿಡಿ, ವ್ಯವಹಾರ ಬಿಡಿ, ಒಂಟಿ ಮಾಡಿ ಎಂಬ ಅರ್ಥದ ಮಾತಾಡಿದ್ದ. ಮೇಯೊದ ಜನ ಅದನ್ನು ಬಾಯ್ಕಾಟ್‌ನ ಮೇಲೆ ಪ್ರಯೋಗಿಸಿದರು. ಹೊಲದ ಆಳುಗಳು ಹೋದರು, ಮನೆಯಾಳುಗಳು ಹೋದರು. ಕಮ್ಮಾರ ಲಾಳ ಹೊಡೆಯಲಿಲ್ಲ, ಬಟ್ಟೆ ಒಗೆಯುವವಳು ಬರಲಿಲ್ಲ, ಅಂಗಡಿಯವನು ಸಾಮಾನು ಕೊಡಲಿಲ್ಲ, ಅಂಚೆ ತರುವ ಹುಡುಗನೂ ನಿಂತುಬಿಟ್ಟ. ಬಾಯ್ಕಾಟ್ ತನ್ನ ಗೋಳನ್ನು ಲಂಡನ್ನಿನ ‘ದಿ ಟೈಮ್ಸ್’ಗೆ ಬರೆದ. ಬೆಳೆ ಕೀಳಲು ಉತ್ತರದ ಜಿಲ್ಲೆಗಳಿಂದ ಐವತ್ತು ಮಂದಿ ಬಂದರು. ಅವರನ್ನು ಕಾಯಲು ಬಂದ ಸೈನಿಕರು, ಪೊಲೀಸರು ಸುಮಾರು ಸಾವಿರ. ಐನೂರು ಪೌಂಡಿನ ಬೆಳೆ ತೆಗೆಯಲು ಹತ್ತು ಸಾವಿರ ಪೌಂಡ್ ಖರ್ಚಾಯಿತು ಎಂಬುದು ಆ ಕಾಲದ ಲೆಕ್ಕ. ಡಿಸೆಂಬರ್ 1ರಂದು ಬಾಯ್ಕಾಟ್ ಐರ್ಲೆಂಡನ್ನೇ ಬಿಟ್ಟ.

ಪದ ಹುಟ್ಟಿದ್ದು ಹೇಗೆ ಎಂಬುದು ನಮ್ಮಂಥವರಿಗೆ ಇನ್ನೂ ರುಚಿ. ಜೇಮ್ಸ್ ರೆಡ್‌ಪಾತ್ ಎಂಬ ಅಮೆರಿಕದ ಪತ್ರಕರ್ತ ಅಲ್ಲಿನ ಪಾದ್ರಿ ಜಾನ್ ಒ’ಮ್ಯಾಲಿ ಜೊತೆ ಊಟಕ್ಕೆ ಕೂತಿದ್ದ. ಈ ಕೆಲಸಕ್ಕೆ ಒಂದು ಹೆಸರು ಬೇಕು, ಆದರೆ ‘ಆಸ್ಟ್ರಸೈಜ್’ ಎಂದರೆ ರೈತರಿಗೆ ಗೊತ್ತಾಗುವುದಿಲ್ಲ ಎಂಬ ಚರ್ಚೆ. ಹಾಗಾದರೆ ‘ಬಾಯ್ಕಾಟ್ ಮಾಡುವುದು’ ಎಂದರೆ ಹೇಗೆ ಅಂದರಂತೆ ಪಾದ್ರಿ. ಇದು ರೆಡ್‌ಪಾತ್‌ನೇ ಬರೆದಿಟ್ಟ ಕತೆ. ಹಳ್ಳಿಯವರಿಗೆ ಅರ್ಥವಾಗುವ ಪದ ಬೇಕು ಎಂದು ವರದಿಗಾರನೊಬ್ಬ ತಲೆಕೆಡಿಸಿಕೊಂಡಿದ್ದ ಎಂಬುದೇ ನಮಗೆ ಸಮಾಧಾನ. ನವೆಂಬರ್ ಹೊತ್ತಿಗೆ ಪತ್ರಿಕೆಗಳಲ್ಲಿ ಆ ಹೆಸರು ಕ್ರಿಯಾಪದವಾಗಿತ್ತು. ಮುಂದೆ ಫ್ರೆಂಚ್, ಜರ್ಮನ್, ಜಪಾನಿ ಭಾಷೆಗಳಿಗೂ ಹೋಯಿತು.

ನಮ್ಮ ದೇಶದಲ್ಲಿ ಅದು ದೊಡ್ಡದಾಗಿ ಕೇಳಿಸಿದ್ದು 1905ರಲ್ಲಿ. ಬಂಗಾಳ ವಿಭಜನೆಯ ವಿರುದ್ಧ ಆಗಸ್ಟ್ 7ರಂದು ಕಲ್ಕತ್ತಾ ಟೌನ್ ಹಾಲ್‌ನಲ್ಲಿ ವಿದೇಶಿ ಮಾಲಿನ ಬಾಯ್ಕಾಟಿಗೆ ನಿರ್ಣಯವಾಯಿತು. 1928ರಲ್ಲಿ ಸೈಮನ್ ಆಯೋಗಕ್ಕೂ ಅದೇ. ಅದೇ ವರ್ಷ ಬಾರ್ಡೋಲಿಯಲ್ಲಿ ಕಂದಾಯ ಕೊಡದ ರೈತರು, ಜಪ್ತಿಯಾದ ಜಮೀನು ಕೊಳ್ಳುವವರ ಮೇಲೂ ಇದನ್ನು ಬಳಸಿದರು. ಅಂಕೋಲಾ, ಸಿದ್ಧಾಪುರದ ಕರನಿರಾಕರಣೆಯ ಕತೆಗಳಲ್ಲೂ ಜಪ್ತಿ, ಹರಾಜು ಮತ್ತೆ ಮತ್ತೆ ಬರುತ್ತವೆ. ಹರಾಜಿನಲ್ಲಿ ಕೂಗುವ ನೆರೆಯವನನ್ನು ಏನು ಮಾಡುವುದು ಎಂಬುದು ಇಂಥ ಪ್ರತಿ ಚಳವಳಿಯ ತಲೆನೋವು. ವೈದ್ಯರನ್ನೂ ನೀರನ್ನೂ ತಪ್ಪಿಸುವ ಬಾಯ್ಕಾಟ್ ಹಿಂಸೆಯೇ ಎಂದು ಗಾಂಧೀಜಿ ಎಚ್ಚರಿಸಿದ್ದರು.

ಗಾಂಧೀಜಿಗೆ ಆ ಎಚ್ಚರ ಯಾಕೆ ಬೇಕಾಯಿತು? ಯಾಕೆಂದರೆ ನೀರು ತಪ್ಪಿಸುವುದು ನಮ್ಮ ಹಳ್ಳಿಗಳಿಗೆ ಐರ್ಲೆಂಡಿನಿಂದ ಕಲಿಯಬೇಕಾದ ವಿದ್ಯೆ ಆಗಿರಲಿಲ್ಲ. ‘ಬಹಿಸ್’ ಎಂದರೆ ಹೊರಗೆ. ಬಹಿಷ್ಕಾರ ಎಂದರೆ ಹೊರಗೆ ಹಾಕುವುದು. ಊರಿಗೆ ಮೊದಲಿನಿಂದ ಗೊತ್ತಿದ್ದದ್ದು ಇದೇ: ಕುಲದಿಂದ ಹೊರಗೆ, ಪಂಕ್ತಿಯಿಂದ ಹೊರಗೆ, ಬಾವಿಯಿಂದ ಹೊರಗೆ. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕತೆಯಲ್ಲಿ ಬದುಕಿರುವ ಹೆಣ್ಣುಮಗಳಿಗೇ ಶ್ರಾದ್ಧ ಮಾಡಿ ಹೊರಗಟ್ಟುತ್ತಾರೆ. ಐರ್ಲೆಂಡಿನಲ್ಲಿ ಕೆಳಗಿದ್ದವರು ಮೇಲಿನವನ ಮೇಲೆ ಎತ್ತಿದ ಆಯುಧ ಅದು. ಇಲ್ಲಿ ಅದು ಮೇಲಿನವರ ಕೈಯಲ್ಲೇ ಇತ್ತು.

ಇದನ್ನು ಸ್ಪಷ್ಟವಾಗಿ ಕಂಡವರು ಅಂಬೇಡ್ಕರ್. 1924ರಲ್ಲಿ ಅವರು ಕಟ್ಟಿದ ಸಂಸ್ಥೆ ಬಹಿಷ್ಕೃತ ಹಿತಕಾರಿಣಿ ಸಭಾ. 1927ರಲ್ಲಿ ಶುರುಮಾಡಿದ ಪತ್ರಿಕೆ ‘ಬಹಿಷ್ಕೃತ ಭಾರತ’. ಧಾರವಾಡ, ಬೆಳಗಾವಿ, ಬಿಜಾಪುರಗಳೂ ಸೇರಿದ್ದ ಮುಂಬಯಿ ಪ್ರಾಂತ್ಯಕ್ಕೆ 1928ರಲ್ಲಿ ನೇಮಕವಾದ ಸ್ಟಾರ್ಟ್ ಸಮಿತಿ, ದಲಿತರು ಹಕ್ಕು ಕೇಳಿದಾಗ ಸವರ್ಣೀಯರು ಕೆಲಸ, ದಾರಿ, ಬಾವಿ, ಅಂಗಡಿ ತಪ್ಪಿಸುವುದನ್ನು ದಾಖಲಿಸಿತು. ಅಂಬೇಡ್ಕರ್ ಅದನ್ನು ದುಂಡುಮೇಜಿನ ಪರಿಷತ್ತಿನ ಮುಂದಿಟ್ಟು, ಸಾಮಾಜಿಕ ಬಹಿಷ್ಕಾರವನ್ನು ಅಪರಾಧವೆಂದು ಘೋಷಿಸಬೇಕು ಎಂದು ಕೇಳಿದರು. ಮಾದರಿಗೆ ತೆಗೆದುಕೊಂಡದ್ದು 1922ರ ಬರ್ಮಾ ಬಾಯ್ಕಾಟ್ ವಿರೋಧಿ ಕಾನೂನನ್ನು. ದಲಿತರು, ಆದಿವಾಸಿಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಿ ‘ಸಾಮಾಜಿಕ ಬಹಿಷ್ಕಾರ’, ‘ಆರ್ಥಿಕ ಬಹಿಷ್ಕಾರ’ ಎಂಬ ಮಾತುಗಳಿಗೆ ವ್ಯಾಖ್ಯಾನ ಸೇರಿದ್ದು 2015ರ ತಿದ್ದುಪಡಿಯಲ್ಲಿ. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವೆ ಎಂಬತ್ತೈದು ವರ್ಷ.

ನಮ್ಮ ತಲೆಬರಹಕ್ಕೆ ಬರೋಣ. ವೋಟು ಹಾಕದ ಹಳ್ಳಿಯವರು ತಾವೇ ಹೊರಗೆ ನಿಂತವರು. ಅಂಗಡಿ ತಪ್ಪಿದ ಕುಟುಂಬ ಹೊರಗೆ ತಳ್ಳಿಸಿಕೊಂಡದ್ದು. ಜನರ ಬಾಯಲ್ಲಿ ವ್ಯತ್ಯಾಸ ಉಳಿದಿದೆ: ಚುನಾವಣೆಗಾದರೆ ‘ಬಹಿಷ್ಕಾರ ಮಾಡ್ತೀವಿ’, ಮನೆಯವರಿಗಾದರೆ ‘ಬಹಿಷ್ಕಾರ ಹಾಕವ್ರೆ’. ನಾವು ಡೆಸ್ಕಿನವರು ಎರಡನ್ನೂ ಕತ್ತರಿಸಿ ನಾಮಪದ ಮಾಡಿ ಇಟ್ಟೆವು. ಅದಕ್ಕಿಂತ ಕೆಟ್ಟದ್ದು ‘ಗ್ರಾಮಸ್ಥರಿಂದ’ ಎಂದು ಬರೆದದ್ದು. ಆ ಕುಟುಂಬವೂ ಆ ಗ್ರಾಮದ್ದೇ. ಊರವರು ಸಾಮಾನು ನಿಲ್ಲಿಸಿ ಹೊರಗೆ ಹಾಕಿದರು, ನಾವು ತಲೆಬರಹದಲ್ಲಿ ಹಾಕಿದೆವು.

ಮೊನ್ನೆ ನಮ್ಮ ತಾಲ್ಲೂಕು ವರದಿಗಾರ ಫೋನ್ ಮಾಡಿದ. “ಒಂದು ಮನೆಗೆ ಬಹಿಷ್ಕಾರ ಹಾಕವ್ರೆ ಅಣ್ಣ, ಕಳಿಸ್ಲಾ?”

“ಯಾರು ಹಾಕಿದ್ದು? ಏನು ನಿಲ್ಸಿದ್ದಾರೆ?” ಎಂದೆವು.

ಸ್ವಲ್ಪ ಹೊತ್ತು ಸುಮ್ಮನಿದ್ದ. “ಡೇರಿನಲ್ಲಿ ಹಾಲು ಹಾಕಿಸ್ಕೊಳ್ತಿಲ್ಲ. ಇವರ ಹೊಲಕ್ಕೆ ಟ್ರ್ಯಾಕ್ಟರ್ ಬರ್ತಿಲ್ಲ. ಯಾರ್ಯಾರು ಅಂತ ಹೆಸರು ಕೇಳ್ಕೊಂಡು ಬರ್ತೀನಿ” ಎಂದು ಫೋನಿಟ್ಟ.